ತೂಕಡಿಸಿದವರಿಗೆ ಶಿಕ್ಷೆ ಕೊಟ್ಟರೆ ಸಾಕೇ?

ಮಾನ್ಯ ಓದುಗರೇ,

ವಿಮಾನಗಳಿಗೆ ನೆಲದಿಂದ ದಾರಿ ತೋರಿಸುವ ವಾಯು ಸಂಚಾರ ನಿಯಂತ್ರಕರ ರಾತ್ರಿಪಾಳಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿತು. ನೂರಾರು ಜನರ ಜೀವ ಕೈಯಲ್ಲಿರುವಾಗ ತೂಕಡಿಸುವವರ ಮೇಲೆ ಕನಿಕರವೇಕೆ, ಒಬ್ಬಿಬ್ಬರನ್ನು ಕೆಲಸದಿಂದ ತೆಗೆದರೆ ಉಳಿದವರು ತಾವಾಗಿಯೇ ಎಚ್ಚರವಾಗಿರುತ್ತಾರೆ ಎಂಬುದು ತಮ್ಮ ವಾದ. ರಾತ್ರಿ ಹೊತ್ತು ವಿಮಾನಗಳೇ ಕಡಿಮೆಯಾದ್ದರಿಂದ ಒಬ್ಬರಿದ್ದರೆ ಸಾಲದೇ ಎಂದೂ ಕೇಳಿದ್ದೀರಿ. ತಮ್ಮ ಸಿಟ್ಟು ಸಹಜವಾದದ್ದೇ. ಆದರೆ ಶಿಕ್ಷೆಯ ಭಯ ದಣಿವನ್ನು ಓಡಿಸುತ್ತದೆ ಎಂಬ ಮಾತನ್ನು ಒಪ್ಪಲಾರೆ.

2006ರ ಆಗಸ್ಟ್ 27ರ ನಸುಕಿನಲ್ಲಿ ಅಮೆರಿಕದ ಲೆಕ್ಸಿಂಗ್ಟನ್ ವಿಮಾನ ನಿಲ್ದಾಣದ ಟವರ್‌ನಲ್ಲಿದ್ದದ್ದು ಒಬ್ಬರೇ ನಿಯಂತ್ರಕರು. ಹಿಂದಿನ ದಿನದ ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಹೊರಟವರು ಒಂಬತ್ತು ಗಂಟೆಗಳ ಬಿಡುವಿನ ನಂತರ, ಅದೇ ರಾತ್ರಿ, ಮತ್ತೆ ಹೆಡ್‌ಸೆಟ್ ಹಾಕಿಕೊಂಡು ಕುಳಿತಿದ್ದರು. ನಡುವೆ ಅವರಿಗೆ ದಕ್ಕಿದ್ದು ಸುಮಾರು ಎರಡು ಗಂಟೆಯ ನಿದ್ದೆ. ಕೋಮ್‌ಏರ್ 5191 ವಿಮಾನಕ್ಕೆ ಹಾರಲು ಅನುಮತಿ ಕೊಟ್ಟವರೇ ಬೆನ್ನು ತಿರುಗಿಸಿ, ಬಂದುಹೋದ ವಿಮಾನಗಳ ಲೆಕ್ಕ ಹಾಕುವ ಕೆಲಸಕ್ಕೆ ಕೈ ಹಚ್ಚಿದರು. ವಿಮಾನವೋ, 22ನೇ ರನ್‌ವೇ ಬಿಟ್ಟು, ಅದರ ಅರ್ಧದಷ್ಟು ಮಾತ್ರ ಉದ್ದವಿದ್ದ 26ನೇ ರನ್‌ವೇಯಲ್ಲಿ ಓಡತೊಡಗಿತ್ತು. ಒಳಗಿದ್ದ 50 ಮಂದಿಯಲ್ಲಿ 49 ಮಂದಿ ತೀರಿಕೊಂಡರು. ಮುಖ್ಯ ತಪ್ಪು ಪೈಲಟ್‌ಗಳದ್ದೆಂದು ತನಿಖೆ ಹೇಳಿತು. ನಿಯಂತ್ರಕರು ಹೊರಗೆ ಕಣ್ಣು ಹಾಯಿಸದಿರಲು ದಣಿವು ಎಷ್ಟರಮಟ್ಟಿಗೆ ಕಾರಣ ಎಂಬುದು ಖಚಿತವಾಗಲಿಲ್ಲ. ಗಮನಿಸಬೇಕಾದದ್ದು ಇಷ್ಟು: ಅವರು ತೂಕಡಿಸಿರಲಿಲ್ಲ. ಪಾಳಿಯೂ ನಿಯಮಬಾಹಿರವಾಗಿರಲಿಲ್ಲ, ಏಕೆಂದರೆ ಅಂದಿನ ನಿಯಮ ಎರಡು ಪಾಳಿಗಳ ನಡುವೆ ಎಂಟು ಗಂಟೆಗಳ ಬಿಡುವಿಗಷ್ಟೇ ತೃಪ್ತವಾಗಿತ್ತು. ಪ್ರಯಾಣ, ಊಟ, ಸ್ನಾನ ಎಲ್ಲವೂ ಆ ಎಂಟು ಗಂಟೆಯೊಳಗೇ ಆಗಬೇಕು.

ದಣಿವು ಬಹುಮಟ್ಟಿಗೆ ಹೀಗೆಯೇ, ಕಣ್ಣು ತೆರೆದಿರುವಾಗಲೇ ಕೆಲಸ ಕೆಡಿಸುತ್ತದೆ. ಎಂಟು ಸಾವಿರ ಅಡಿಗೆ ಇಳಿಯಿರಿ ಎಂದು ನಿಯಂತ್ರಕರು ಹೇಳಿದರೆ ಪೈಲಟ್ ಅದನ್ನೇ ತಿರುಗಿ ಹೇಳಬೇಕು, ನಿಯಂತ್ರಕರು ಅದನ್ನು ಕಿವಿಗೊಟ್ಟು ಕೇಳಿ ಸರಿಯೇ ಎಂದು ನೋಡಬೇಕು. ಪೈಲಟ್ ‘ಆರು ಸಾವಿರ’ ಎಂದಾಗ, ತಾನು ಹೇಳಿದ್ದೇ ಮರಳಿ ಬರುತ್ತದೆಂದು ಕಾದಿರುವ ದಣಿದ ಕಿವಿಗೆ ‘ಎಂಟು’ ಎಂದೇ ಕೇಳಿಸಿಬಿಡುವುದುಂಟು. ಕರಡು ತಿದ್ದುವ ನಮಗೆ ಇದು ಹೊಸದೇನಲ್ಲ. ಸರಿರಾತ್ರಿಯಲ್ಲಿ ಮೂರು ಸಲ ಓದಿ ಸರಿಯಿದೆ ಎಂದ ತಲೆಬರಹದಲ್ಲಿ ಅಕ್ಷರ ಬಿಟ್ಟುಹೋಗಿರುವುದು ಬೆಳಗಾದ ಮೇಲೆ ಕಣ್ಣಿಗೆ ರಾಚುತ್ತದೆ. ನಮ್ಮ ತಪ್ಪಿಗೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಬಹುದು.

ಒಬ್ಬರು ಸಾಲದೇ ಎಂದಿರಿ. 2002ರ ಜುಲೈ 1ರ ರಾತ್ರಿ ಜರ್ಮನಿಯ ಯೂಬರ್ಲಿಂಗೆನ್ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 71 ಜನ ಸತ್ತಾಗ, ಆ ಭಾಗದ ಆಕಾಶದ ಹೊಣೆ ಹೊತ್ತಿದ್ದ ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್‌ನ ನಿಯಂತ್ರಣ ಕೊಠಡಿಯಲ್ಲಿ ಒಬ್ಬರೇ ಎರಡು ಪರದೆಗಳನ್ನು ನೋಡಿಕೊಳ್ಳುತ್ತಿದ್ದರು. ಜೊತೆಗಾರರು ವಿಶ್ರಾಂತಿಗೆ ಹೋಗಿದ್ದರು, ದುರಸ್ತಿಗಾಗಿ ಮುಖ್ಯ ದೂರವಾಣಿ ಮಾರ್ಗ ಬಂದ್ ಆಗಿತ್ತು. ವಿಮಾನಗಳು ಕಡಿಮೆಯಿದ್ದದ್ದು ನಿಜ. ಅಪಾಯ ಅವರ ಗಮನಕ್ಕೆ ಬಂದಾಗ ಉಳಿದಿದ್ದದ್ದು ಒಂದು ನಿಮಿಷಕ್ಕಿಂತಲೂ ಕಡಿಮೆ.

2011ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನ ರೇಗನ್ ನಿಲ್ದಾಣದಲ್ಲಿ, ಸತತ ನಾಲ್ಕನೇ ರಾತ್ರಿಪಾಳಿಯಲ್ಲಿದ್ದ ಒಬ್ಬಂಟಿ ಮೇಲ್ವಿಚಾರಕರು ನಿದ್ದೆಹೋಗಿ, ಎರಡು ವಿಮಾನಗಳು ಟವರ್‌ನ ಉತ್ತರವಿಲ್ಲದೆಯೇ ಇಳಿದವು. ಆಮೇಲೆ ಪಾಳಿಗಳ ನಡುವಿನ ಬಿಡುವು ಒಂಬತ್ತು ಗಂಟೆಗೇರಿತು, 2024ರಲ್ಲಿ ಅದನ್ನು ಹತ್ತಕ್ಕೇರಿಸುವ ನಿರ್ಧಾರ ಪ್ರಕಟವಾಯಿತು. ಆದರೆ ಪಾಳಿಯ ನಡುವೆ ಕಿರುನಿದ್ದೆಗೆ ಅವಕಾಶ ಕೊಡಬೇಕೆಂಬ ಸಲಹೆಯನ್ನು, ಮಲಗುವುದಕ್ಕೆ ಸಂಬಳ ಕೊಡಲಾಗದು ಎಂಬ ಧಾಟಿಯಲ್ಲಿ, ಅಲ್ಲಿನ ಸಾರಿಗೆ ಸಚಿವರು 2011ರಲ್ಲೇ ತಳ್ಳಿಹಾಕಿದ್ದರು. ತಮ್ಮ ಪತ್ರದಲ್ಲಿಯೂ ಅದೇ ಧಾಟಿ ಕಂಡಿತು. ದೂರಪ್ರಯಾಣದ ಪೈಲಟ್‌ಗಳ ಮೇಲೆ ನಾಸಾ ನಡೆಸಿದ ಅಧ್ಯಯನದಲ್ಲಿ ಸರಾಸರಿ 26 ನಿಮಿಷಗಳ ನಿದ್ದೆಯಿಂದಲೇ ಎಚ್ಚರ ಸ್ಪಷ್ಟವಾಗಿ ಹೆಚ್ಚಿದ್ದು ಕಂಡುಬಂದಿತ್ತು.

ಬಿಡುವಿನಲ್ಲಿ ಮಲಗದೆ ಬೇರೆಲ್ಲೋ ಕಾಲ ಕಳೆದು ಪಾಳಿಗೆ ಬರುವವರೂ ಇದ್ದಾರೆ; ಅವರ ಪರವಾಗಿ ನಾನು ವಾದಿಸುವುದಿಲ್ಲ. ಆದರೆ ಕೆಲಸ ಹೋಗುವ ಭಯವಿದ್ದಲ್ಲಿ ‘ಇವತ್ತು ನಿದ್ದೆಯಾಗಿಲ್ಲ, ಬೇರೆಯವರನ್ನು ಕೂರಿಸಿ’ ಎಂಬ ಮಾತು ಪ್ರಾಮಾಣಿಕರ ಬಾಯಿಂದಲೂ ಹೊರಡುವುದಿಲ್ಲ. ಹೊರಟರೂ ಕೂರಿಸುವುದಕ್ಕೆ ಇನ್ನೊಬ್ಬರು ಇರಬೇಕಲ್ಲ. ಸಿಬ್ಬಂದಿ ಕೊರತೆಯ ಬಗ್ಗೆ ಪತ್ರದ ಕೊನೆಯಲ್ಲಿ ತಾವು ಕೇಳಿರುವ ಪ್ರಶ್ನೆಯನ್ನು ಮುಂದಿನ ಸಂಚಿಕೆಯಲ್ಲಿ ಪ್ರತ್ಯೇಕವಾಗಿ ಎತ್ತಿಕೊಳ್ಳುತ್ತೇವೆ.

ಸಂಪಾದಕ