ಪ್ರಯೋಗದ ಖರ್ಚು ಗಿರಾಕಿ ಯಾಕೆ ಕೊಡಬೇಕು?

ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೇಲಿ ಹೊಸ ಟೆಕ್ನಾಲಜಿ ಟಿವಿ ಬಂದ ತಕ್ಷಣ ತಗೋಬೇಡಿ ಅಂತ ಬರೆದಿದ್ರಿ. ಇದು ಪುಕ್ಕಲರ ಮಾತು. ಈ ಸಲ ಕಾಫಿಗೆ ಒಳ್ಳೆ ರೇಟ್ ಸಿಕ್ಕಿದೆ, ನಾನು 8ಕೆ ಟಿವಿ, ಅದೇ ಬಹಳ ಸೂಕ್ಷ್ಮ ಚಿತ್ರದ ಹೊಸ ಟಿವಿ, ತಗೊಳೋಣ ಅಂತಿದೀನಿ. ಯಾರಾದ್ರೂ ಮೊದಲು ತಗೊಂಡ್ರೆ ತಾನೆ ಹೊಸದು ನಮ್ಮೂರಿಗೂ ಬರೋದು? ಸಂಪಾದಕರು ಏನಂತಾರೆ?"

ಸಾರ್, ನಿಮ್ಮ ಕಾಗದ ಓದಿ ಖುಷಿ ಆಯ್ತು, ಹಿಂಗೆ ಮುಖಕ್ಕೆ ಹೇಳೋರು ಕಮ್ಮಿ. ಮೊದಲು ದುಡ್ಡು ಹಾಕೋರು ಇಲ್ದೆ ಹೋದ್ರೆ ಯಾವ ಮೆಷಿನ್ನೂ ಅಗ್ಗ ಆಗಲ್ಲ, ಅಷ್ಟು ಒಪ್ತೀನಿ. ಆದ್ರೆ ಆ ಮೊದಲನೆಯೋರು ನೀವೇ ಯಾಕಾಗಬೇಕು? ಕಾಫಿ ಗಿಡ ಕೊರೆಯೋ ಬೋರರ್ ಹುಳಕ್ಕೂ ಅಕಾಲದ ಮಳೆಗೂ ಹೆದರ್ಕೊಂಡು ದುಡಿದ ದುಡ್ಡು ಅದು, ಯಾವುದೋ ದೇಶದ ಕಂಪನಿ ತನ್ನ ಜಗಳ ಮುಗಿಸ್ಕೊಳೋಕೆ ಅದನ್ನ ಯಾಕೆ ಕೊಡ್ತೀರ?

ಜಗಳ ಅಂದೆ, ಅದು ನಿಜವಾಗ್ಲೂ ಜಗಳಾನೇ. 1975ರಲ್ಲಿ ಸೋನಿ ಬೀಟಾಮ್ಯಾಕ್ಸ್ ತಂತು, ಮಾರನೇ ವರ್ಷ ಜೆವಿಸಿಯವರು ವಿಎಚ್‌ಎಸ್ ತಂದ್ರು. ಎರಡೂ ಮನೇಲಿ ರೆಕಾರ್ಡ್ ಮಾಡೋ ಮೆಷಿನ್ನೇ, ಆದ್ರೆ ಇದರ ಕ್ಯಾಸೆಟ್ ಅದಕ್ಕೆ ಹೋಗಲ್ಲ. ಬೀಟಾದ ಚಿತ್ರ ಚೆನ್ನಾಗಿದೆ ಅಂತ ಬಲ್ಲೋರು ಬಹಳ ಜನ ಹೇಳ್ತಿದ್ರು, ಆದ್ರೆ ಶುರುವಲ್ಲಿ ಅದರ ಕ್ಯಾಸೆಟ್ ಓಡ್ತಿದ್ದದ್ದು ಒಂದೇ ಗಂಟೆ, ವಿಎಚ್‌ಎಸ್ ಎರಡು ಗಂಟೆ. ಒಂದು ಸಿನಿಮಾ ಪೂರ್ತಿ ಯಾವುದರಲ್ಲಿ ಹಿಡಿಸುತ್ತೋ ಜನ ಅದರ ಹಿಂದೆ ಹೋದ್ರು. 1988ಕ್ಕೆ ಸೋನಿಯೋರೇ ವಿಎಚ್‌ಎಸ್ ಮೆಷಿನ್ ಮಾಡೋಕೆ ಶುರು ಮಾಡಿದ್ರು, ಅಲ್ಲಿಗೆ ಮುಗೀತು. ಸಕಲೇಶಪುರದ ಹತ್ರ ನಮ್ಮ ಪರಿಚಯದ ಒಬ್ಬರು ಪ್ಲಾಂಟರ್ ಮನೇಲಿ ಇದ್ದದ್ದು ಚಿಕ್ಕ ಕ್ಯಾಸೆಟ್ಟಿನ ಆ ಬೀಟಾ ಮೆಷಿನ್ನೇ, ಊರಿಗೆಲ್ಲ ಮೊದಲು ತರಿಸಿದೋರು ಅವರು. ಹಾಸನದ ವಿಡಿಯೋ ಲೈಬ್ರರಿಗೆ ಬಂದ್ರೆ ಅಲ್ಲಿರೋದೆಲ್ಲ ವಿಎಚ್‌ಎಸ್‌ನ ದೊಡ್ಡ ಕ್ಯಾಸೆಟ್ಟು. ಅಷ್ಟು ದುಡ್ಡು ಸುರಿದ ಮನುಷ್ಯ ಹಬ್ಬ ಬಂದ್ರೆ ಬೇರೆಯವರ ಹಾಗೇ ಬಾಡಿಗೆಗೆ ವಿಸಿಆರ್ ತರೋ ಪರಿಸ್ಥಿತಿ ಆಯ್ತು. ಅವರು ಮಾಡಿದ ತಪ್ಪೇನು ಹೇಳಿ? ಒಳ್ಳೆ ಸಾಮಾನನ್ನೇ ಆರಿಸಿದ್ರು, ಮೊದಲು ಆರಿಸಿದ್ರು, ಅಷ್ಟೇ.

ಅದು ಹಳೇ ಕಥೆ ಅಂತೀರಾ? 1998ರಲ್ಲಿ ಅಮೆರಿಕದ ಸರ್ಕಿಟ್ ಸಿಟಿ ಅನ್ನೋ ದೊಡ್ಡ ಅಂಗಡಿಯೋರು ಡಿವ್‌ಎಕ್ಸ್ ಅಂತ ಒಂದು ಸಿನಿಮಾ ಡಿಸ್ಕ್ ತಂದ್ರು, ನಾಲ್ಕೂವರೆ ಡಾಲರ್ ಕೊಟ್ಟು ತಗೊಂಡ್ರೆ 48 ಗಂಟೆ ನೋಡಬಹುದು, ಆಮೇಲೆ ಮತ್ತೆ ನೋಡಬೇಕಂದ್ರೆ ಮತ್ತೆ ದುಡ್ಡು, ಲೆಕ್ಕ ಒಪ್ಪಿಸೋಕೆ ಪ್ಲೇಯರ್‌ಗೆ ಟೆಲಿಫೋನ್ ಲೈನ್ ಬೇರೆ ಕೊಡಬೇಕು. ಮಾರನೇ ವರ್ಷವೇ ನಿಲ್ಲಿಸಿಬಿಟ್ರು, 2001ರ ಜೂನ್ ಆದ ಮೇಲೆ ಮನೇಲಿದ್ದ ಆ ಡಿಸ್ಕೂ ಓಡಲಿಲ್ಲ! ದುಡ್ಡು ಕೊಟ್ಟು ತಂದು ಶೆಲ್ಫಲ್ಲಿ ಇಟ್ಟಿದ್ದು ಸಾರ್. ಆಮೇಲೆ ತೋಶಿಬಾದ ಎಚ್‌ಡಿ ಡಿವಿಡಿ ಅನ್ನೋ ಸಿನಿಮಾ ಡಿಸ್ಕ್, 2006ರಲ್ಲಿ ಬಂತು, ಬ್ಲೂ-ರೇ ಅನ್ನೋ ಇನ್ನೊಂದು ಡಿಸ್ಕ್ ಜೊತೆ ಗುದ್ದಾಡಿ 2008ರ ಫೆಬ್ರವರಿಗೆ ಕೈಚೆಲ್ಲಿದ್ರು. 3ಡಿ ಟಿವಿ ಅಂತೂ ನಿಮಗೇ ನೆನಪಿರಬೇಕು, 2010ರ ಆಸುಪಾಸು ಯಾವ ಶೋರೂಮಿಗೆ ಹೋದ್ರೂ ಕನ್ನಡಕ ಹಾಕಿ ಕೂರಿಸ್ತಿದ್ರು, 2017ರ ಹೊತ್ತಿಗೆ ಕಂಪನಿಗಳು ಮಾಡೋದನ್ನೇ ಬಿಟ್ವು.

ಇವೆಲ್ಲ ಕಣ್ಣಿಗೆ ಕಾಣೋ ಸೋಲು. ಕಾಣದೇ ಇರೋದು ಇನ್ನೂ ಮೋಸ. ಮೊದಮೊದಲು, ಎಚ್‌ಡಿಗಿಂತ ಸೂಕ್ಷ್ಮ ಚಿತ್ರದ 4ಕೆ ಟಿವಿ ತಗೊಂಡೋರನ್ನ ಕೇಳಿ. ಸ್ಕ್ರೀನ್ 4ಕೆನೇ, ಆದ್ರೆ ಸಿನಿಮಾ ಕಂಪನಿಯೋರು ಕಾಪಿ ಆಗಬಾರ್ದು ಅಂತ ಆಮೇಲೆ ಎಚ್‌ಡಿಸಿಪಿ 2.2 ಅನ್ನೋ ಹೊಸ ಬೀಗ ತಂದ್ರು, ಅದು ಎಷ್ಟೋ ಹಳೇ ಸೆಟ್ಟಲ್ಲಿ ಇರ್ಲೇ ಇಲ್ಲ, ಹಾಗಾಗಿ ಆ ಬೀಗ ಹಾಕಿದ ಸಿನಿಮಾ ಅದರಲ್ಲಿ 4ಕೆಯಾಗಿ ಬರಲ್ಲ. ಬೆಳಕು-ಬಣ್ಣ ಎತ್ತಿ ತೋರಿಸೋ ಎಚ್‌ಡಿಆರ್ ಕೂಡ ಇಲ್ಲ. ಅದೂ ಸಾಫ್ಟ್‌ವೇರ್ ಹಾಕಿ ಸರಿಮಾಡೋಂಥದ್ದಲ್ಲ. ಸ್ಮಾರ್ಟ್ ಟಿವಿದೂ ಅದೇ ಕಥೆ. 2015ರ ಏಪ್ರಿಲಲ್ಲಿ ಯೂಟ್ಯೂಬ್ ತನ್ನ ಹಳೇ ವ್ಯವಸ್ಥೆ ಮುಚ್ಚಿದಾಗ 2012 ಮತ್ತು ಅದಕ್ಕೂ ಹಿಂದಿನ ಬಹಳಷ್ಟು ಟಿವಿಲಿ ಯೂಟ್ಯೂಬೇ ನಿಂತುಹೋಯ್ತು. 2019ರ ಡಿಸೆಂಬರಲ್ಲಿ 2010, 2011ರ ಕೆಲವು ಸ್ಯಾಮ್ಸಂಗ್ ಸೆಟ್‌ಗಳಲ್ಲಿ ನೆಟ್‌ಫ್ಲಿಕ್ಸ್ ಹೋಯ್ತು. ಪ್ಯಾನೆಲ್ ಗಟ್ಟಿಮುಟ್ಟಾಗಿದೆ, ಬಣ್ಣ ಚೆನ್ನಾಗಿದೆ, ಆದ್ರೂ ಅರ್ಧ ಟಿವಿ ಸತ್ತಹಾಗೆ.

ಯಾರಾದ್ರೂ ಮೊದಲು ಧೈರ್ಯ ಮಾಡಬೇಕಲ್ಲ ಅಂದ್ರಿ. ಮಾಡಬೇಕು. ನಮ್ಮ ಹಾಸನದಲ್ಲೇ ಉಪಗ್ರಹಗಳನ್ನ ನೋಡ್ಕೊಳೋ ಇಸ್ರೋದ ಕೇಂದ್ರ ಎಂಸಿಎಫ್ ಇದೆ, 1982ರ ಏಪ್ರಿಲಲ್ಲಿ ಹಾರಿಸಿದ ಇನ್ಸಾಟ್-1ಎ ಉಪಗ್ರಹ ಸೆಪ್ಟೆಂಬರ್‌ಗೆಲ್ಲ ಕೈಬಿಟ್ಟು ಹೋಯ್ತು. ಮಾರನೇ ವರ್ಷ ಇನ್ಸಾಟ್-1ಬಿ ಹಾರಿಸಿದ್ರು, ಅದರಿಂದ ಹಳ್ಳಿಹಳ್ಳಿಗೂ ದೂರದರ್ಶನ ಬಂತು. ಆ ನಷ್ಟ ಹೊತ್ತಿದ್ದು ದೇಶ, ಅದಕ್ಕೆ ತಡ್ಕೊಳೋ ಶಕ್ತಿ ಇತ್ತು, ಎರಡನೇದು ಕಳಿಸೋ ತಯಾರಿನೂ ಇತ್ತು. ಟಿವಿ ಕಂಪನಿ ಮಾಡೋದು ತಿರುಗಾಮುರುಗಾ, ಪ್ರಯೋಗ ಅವರದು, ನಷ್ಟ ನಿಮ್ಮದು. ನನಗೆ ಸಿಟ್ಟು ಬರೋದೇ ಅಲ್ಲಿ.

ಅದರಲ್ಲೂ ನಮ್ಮಂಥ ಊರಿನೋರಿಗೆ. ಬೆಂಗಳೂರಲ್ಲಿ ಕೆಟ್ಟರೆ ಎರಡು ದಿನಕ್ಕೆ ಮೆಕ್ಯಾನಿಕ್ ಬರ್ತಾನೆ. ಇಲ್ಲಿ ಚಿಕ್ಕಮಗಳೂರಿನ ನಮ್ಮ ಸ್ನೇಹಿತರ ಹೊಸ ಮಾಡೆಲ್ ಟಿವಿಗೆ ಬೋರ್ಡ್ ಬರಬೇಕು ಅಂತ ಒಂದು ಮಳೆಗಾಲ ಪೂರ್ತಿ ಕಾಯಿಸಿದ್ರು, ಕಡೆಗೆ "ಆ ಮಾಡೆಲ್ ನಿಂತಿದೆ ಸಾರ್" ಅಂದ್ರು. ಎಸ್ಟೇಟ್ ಲೈನಲ್ಲಿ ವೋಲ್ಟೇಜ್ ಏರಿಳಿತ, ಮುಂಗಾರು ಹಿಡಿಯೋ ಮುಂಚೆ ಬರೋ ಆ ಸಿಡಿಲು, ಇದರಿಂದ ಸುಟ್ಟರೆ ವಾರಂಟಿ ಇಲ್ಲ ಅಂತಾರೆ. ಮಾರುವಾಗ ಮಾತ್ರ ಘಾಟಿ ಹತ್ತಿ ತೋಟದ ಬಾಗಿಲಿಗೇ ತಂದ್ಕೊಡ್ತಾರೆ. ಇಷ್ಟು ವರ್ಷ ಸಾಫ್ಟ್‌ವೇರ್ ಕೊಡ್ತೀವಿ, ಇಷ್ಟು ವರ್ಷ ಬಿಡಿಭಾಗ ಇಟ್ಟಿರ್ತೀವಿ ಅಂತ ಡಬ್ಬದ ಮೇಲೆ ಬರೆಸೋ ಕಾಯ್ದೆ ಬರಬೇಕು ಸಾರ್. ಫ್ರಿಜ್ಜಿಗೆ ಸ್ಟಾರ್ ಅಂಟಿಸೋಕೆ ಆಗುತ್ತೆ ಅಂದ್ರೆ ಇದಕ್ಯಾಕೆ ಆಗಲ್ಲ?

ಈಗ ನಿಮ್ಮ 8ಕೆ. ಅದರ ಸ್ಕ್ರೀನಲ್ಲಿ ಸುಮಾರು 3.3 ಕೋಟಿ ಚುಕ್ಕಿ ಇರುತ್ತೆ. ನಿಮ್ಮ ಡಿಶ್ಶಲ್ಲಿ ಬರೋ ಎಚ್‌ಡಿ ಕ್ರಿಕೆಟ್‌ನಲ್ಲಿ ಇರೋದು ಸುಮಾರು 20 ಲಕ್ಷ. ಬಾಕಿ 3 ಕೋಟಿಗೂ ಮೇಲೆ ಚುಕ್ಕೀನ ಟಿವಿನೇ ಅಂದಾಜಲ್ಲಿ ತುಂಬಿಸ್ಕೊಳುತ್ತೆ. ಜಪಾನಿನ ಎನ್‌ಎಚ್‌ಕೆ 2018ರಲ್ಲೇ 8ಕೆ ಚಾನೆಲ್ ಶುರು ಮಾಡ್ತು, ನಮ್ಮಲ್ಲಿ ಅಂಥದ್ದು ಒಂದೂ ಇಲ್ಲ. ಬ್ಲೂ-ರೇ ಡಿಸ್ಕೂ 4ಕೆಗೇ ನಿಂತಿದೆ. ನೋಡೋಕೆ ಏನೂ ಇಲ್ಲದ ಮೆಷಿನ್ನಿಗೆ ಕಾಫಿ ದುಡ್ಡು ಹಾಕ್ಬೇಡಿ. ಒಳ್ಳೇ 4ಕೆ ತಗೊಳಿ, ಮಾರ್ಕೆಟ್ಟಿಗೆ ಬಂದು ಒಂದು ವರ್ಷ ಆಗಿರೋ ಮಾಡೆಲ್ ಆದ್ರೂ ಸರಿ, ಒಳ್ಳೇ ಸ್ಟೆಬಿಲೈಸರ್ ಹಾಕಿಸಿ, ಅರ್ತಿಂಗ್ ಸರಿಯಾಗಿದ್ಯಾ ನೋಡಿಸಿ.

ಇಷ್ಟೆಲ್ಲ ಹೇಳಿದ ಮೇಲೂ 8ಕೆನೇ ಬೇಕು ಅನ್ಸಿದ್ರೆ ಅಂಗಡಿಯವರ ಹತ್ರ, ಐದು ವರ್ಷ ಬಿಡಿಭಾಗ ಸಿಗುತ್ತೆ, ಮೂಡಿಗೆರೆಗೇ ಬಂದು ರಿಪೇರಿ ಮಾಡ್ತೀವಿ ಅಂತ ಬಿಲ್ಲಿನ ಮೇಲೆ ಸಹಿ ಹಾಕಿಸ್ಕೊಳಿ. ಯಾರಾದ್ರೂ ಹಾಕಿಕೊಟ್ರೆ ಆ ಬಿಲ್ಲಿನ ಕಾಪಿ ನಮಗೂ ಕಳಿಸಿ, ಮುಂದಿನ ಸಂಚಿಕೇಲಿ ಅಂಗಡಿ ಹೆಸರು ಸಮೇತ ಹಾಕ್ತೀವಿ, ನಮ್ಮ ಎರಡೂ ಜಿಲ್ಲೆಯ ಓದುಗರಿಗೆ ಬೇಕಾದ ಸುದ್ದಿ ಅದು.

— ಸಂ.