ಸಂಪಾದಕರ ಉತ್ತರ: ಕಾವಲಿನ ಹುಲ್ಲಿಗೂ ಒಬ್ಬ ವಿಜ್ಞಾನಿ ಬೇಕು

ಅರಸೀಕೆರೆ ತಾಲೂಕಿನ ಯುವ ಹೈನುಗಾರರೊಬ್ಬರು ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ಕಾವಲುಗಳ, ಅಂದರೆ ದನ ಕುರಿ ಮೇಯುವ ಹುಲ್ಲು ಬಯಲುಗಳ ಬಗ್ಗೆ ನಾವು ಹಾಕಿದ ಲೇಖನ ಅವರಿಗೆ ಹಿಡಿಸಿಲ್ಲ. ‘ಹತ್ತು ಗುಂಟೆ ಸಿಒ-4 ಮೇವಿನ ಹುಲ್ಲು ಹಾಕಿ ನಾಲ್ಕು ಹಸು ಸಾಕಿದ್ದೇನೆ. ಹುಲ್ಲಿನ ಸಂಶೋಧನೆ ಅಂದ್ರೆ ಇದು. ಬರಡು ಕಾವಲಿನಲ್ಲಿ ತಾನಾಗಿ ಹುಟ್ಟೋ ಹುಲ್ಲಿನ ಮೇಲೆ ಸಂಶೋಧನೆ ಮಾಡಿ ಯಾರಿಗೇನು ಲಾಭ? ಹಳೇ ಕಾಲ ನೆನೆದು ಕೊರಗೋದು ಬಿಡಿ’ ಎಂದಿದ್ದಾರೆ.

ಸುತ್ತಿ ಬಳಸದೆ ನೇರವಾಗಿ ಬರೆದಿದ್ದೀರಿ, ಸಂತೋಷ. ‘ತಮ್ಮ ಪತ್ರಿಕೆ ಅಮೋಘ’ ಅನ್ನುವ ಪತ್ರಗಳನ್ನು ಓದಿ ಓದಿ ನನಗೂ ಸಾಕಾಗಿದೆ. ಅದಕ್ಕೇ ಈ ಸಲದ ಪುಟ ನಿಮಗೇ.

ನಿಮ್ಮ ಮಾತಿನಲ್ಲಿರುವ ನಿಜವನ್ನು ಮೊದಲೇ ಒಪ್ಪಿಬಿಡುತ್ತೇನೆ. ಸಜ್ಜೆಗೂ ನೇಪಿಯರ್ ಹುಲ್ಲಿಗೂ ಸಂಕರ ಮಾಡಿ ನಿಮ್ಮ ಸಿಒ-4 ತಳಿ ತೆಗೆದವರು ದೊಡ್ಡ ಕೆಲಸವನ್ನೇ ಮಾಡಿದ್ದಾರೆ. ಎರಡು ಗಣ್ಣಿನ ತುಂಡು ನೆಟ್ಟರೆ ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ಒಂದೂವರೆ ತಿಂಗಳಿಗೊಂದು. ನೀರು, ಗೊಬ್ಬರ ಸರಿಯಾಗಿ ಸಿಕ್ಕರೆ ಎಕರೆಗೆ ವರ್ಷಕ್ಕೆ 150 ಟನ್ ಅನ್ನುವುದು ಆ ತಳಿ ತೆಗೆದ ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದವರ ಲೆಕ್ಕ. ಆದರೆ ಅದೊಂದನ್ನೇ ಹಾಕಬೇಡಿ. ನೇಪಿಯರ್‌ನಲ್ಲಿರುವ ಆಕ್ಸಲೇಟ್ ಹಸುವಿಗೆ ಸುಣ್ಣದಂಶ ದಕ್ಕದಂತೆ ಮಾಡುತ್ತದೆ. ಜೊತೆಗೆ ಕುದುರೆ ಮೆಂತೆಯೋ ಬೇಲಿ ಮೆಂತೆಯೋ ಅಲಸಂದೆಯೋ ಇರಲಿ.

ನಿಮ್ಮ ಪರವಾಗಿ ಇಷ್ಟು ಹೇಳಿದ್ದು ಸಾಕು ಅಲ್ವಾ?

ನೀವು ಬೆಳೆದಿರುವುದು ಹುಲ್ಲಿನ ಬೆಳೆ. ಅದಕ್ಕೆ ಬೋರ್‌ವೆಲ್ ಬೇಕು, ಕರೆಂಟ್ ಬೇಕು, ಯೂರಿಯಾ ಬೇಕು. ನಾಲ್ಕು ಸೀಮೆ ಹಸುವಿಗೆ ಸರಿ. 2019ರ ಜಾನುವಾರು ಗಣತಿ ನೋಡಿ, ನಮ್ಮ ರಾಜ್ಯದಲ್ಲಿ ಕುರಿಗಳೇ ಒಂದು ಕೋಟಿ ಮೇಲಿವೆ. ಅವಕ್ಕೆಲ್ಲ ಮೋಟರ್ ನೀರಲ್ಲಿ ಬೆಳೆದ ಹುಲ್ಲು ಕೊಯ್ದು ಹಾಕೋಕಾಗುತ್ತಾ? ಅವು ಇವತ್ತಿಗೂ ನೀವು ಬರಡು ಅಂದ ಜಾಗದಲ್ಲೇ ಹೊಟ್ಟೆ ಹೊರೆಯುತ್ತಿವೆ. ನಿಮ್ಮಂಥ ಓದಿದವರೇ ಹೀಗಂದರೆ ಅಧಿಕಾರಿಗಳನ್ನು ಬೈದು ಏನು ಫಲ?

ಕಾವಲಿನ ಹುಲ್ಲನ್ನು ವಿಜ್ಞಾನ ಪೂರ್ತಿ ಮರೆತಿತ್ತು ಅಂತಲ್ಲ. ಝಾನ್ಸಿಯಲ್ಲಿ ಹುಲ್ಲುಗಾವಲು ಮತ್ತು ಮೇವಿನ ಸಂಶೋಧನಾ ಸಂಸ್ಥೆ ಶುರುವಾಗಿದ್ದು 1962ರಲ್ಲಿ. ನಮ್ಮ ಧಾರವಾಡದಲ್ಲೂ ಅದರ ಕೇಂದ್ರವಿದೆ. 1973ರಲ್ಲಿ ದಬಡಘಾವ್ ಮತ್ತು ಶಂಕರನಾರಾಯಣ್ ಎಂಬ ವಿಜ್ಞಾನಿಗಳು ದೇಶದ ಹುಲ್ಲುಗಾವಲನ್ನೆಲ್ಲ ಐದು ಬಗೆಯಾಗಿ ವಿಂಗಡಿಸಿದರು. ನಮ್ಮ ಬಯಲುಸೀಮೆ ಬರುವುದು ಸೆಹಿಮಾ–ಡೈಕ್ಯಾಂಥಿಯಂ ಗುಂಪಿಗೆ. ಎರಡೂ ವರ್ಷಾನುಗಟ್ಟಲೆ ಬದುಕುವ, ದನ ಇಷ್ಟಪಟ್ಟು ತಿನ್ನುವ ಹುಲ್ಲು. ಮೇಯಿಸುವುದು ಅತಿಯಾದರೆ ಇವು ಹಿಂದೆ ಸರಿದು, ಮುಳ್ಳಿನಂತೆ ಚುಚ್ಚುವ ಊಬಿನ ಹೆಟೆರೊಪೋಗಾನ್ ಮುಂದೆ ಬರುತ್ತದೆ. ಅದೂ ಹೋದರೆ ಕಡ್ಡಿಯಂಥ ಅರಿಸ್ಟಿಡಾ. ಯಾವ ಹುಲ್ಲು ಜಾಸ್ತಿ ಇದೆ ಅಂತ ನೋಡಿದರೆ ನೆಲದ ಆರೋಗ್ಯ ತಿಳಿಯುತ್ತದೆ.

ಇದೇ ಪಾಠವನ್ನು ನಾನು ಪುಸ್ತಕಕ್ಕಿಂತ ಮೊದಲು ಕೇಳಿದ್ದು ಚಳ್ಳಕೆರೆ ಕಡೆಯ ಹಿರಿಯ ಕುರಿಗಾಹಿಯೊಬ್ಬರ ಬಾಯಿಂದ. ಕೂತಲ್ಲೇ ಒಂದು ಹುಲ್ಲಿನ ಕಂತೆ ಹಿಡಿದು, ಎಲೆಯನ್ನೆಲ್ಲ ಹಿಂದಕ್ಕೆ ಬಾಗಿಸಿ, ನೆಲಕ್ಕಂಟಿದ ಬಿಳಿ ಬುಡ ತೋರಿಸಿದರು. ‘ಇಲ್ಲಿಗಂಟ ಬಾಯಿ ಹಾಕಿಸ್ಬಾರ್ದು ಸ್ವಾಮಿ. ಬುಡ ಉಳಿದ್ರೆ ಮುಂದಿನ ವರ್ಸ ಹುಲ್ಲು. ಇಲ್ದಿದ್ರೆ ಊಬೇ ಗತಿ’ ಅಂದರು. ಹುಲ್ಲಿನ ಚಿಗುರುವ ಕಣ್ಣು ಇರುವುದು ಅಲ್ಲೇ. ದನ ನಾಲಗೆ ಸುತ್ತಿ ಮೇಲಿನದನ್ನು ಎಳೆದು ತಿನ್ನುತ್ತದೆ, ಕುರಿ ನೆಲಕ್ಕೆ ಹತ್ತಿ ಕಚ್ಚುತ್ತದೆ. ಅದಕ್ಕೇ ಅವರು ಮಂದೆಯನ್ನು ಒಂದೇ ಕಡೆ ನಿಲ್ಲಿಸುವುದಿಲ್ಲ. ಮೊದಲ ಮಳೆಯ ಎಳೆ ಚಿಗುರಿಗೆ ಹಸಿದ ಮಂದೆಯನ್ನು ಬಿಡುವುದೂ ಇಲ್ಲ. ಆಗಲೇ ಕರುಳುಬೇನೆ ಬಂದು ಕೊಬ್ಬಿದ ಕುರಿಗಳೇ ಮೊದಲು ಬೀಳುತ್ತವೆ. ಪಶುವೈದ್ಯರು ಮಳೆಗೆ ಮೊದಲೇ ಲಸಿಕೆ ಹಾಕಿಸಿ ಅನ್ನುವುದೂ ಅದಕ್ಕೇ.

ಇಂಥವರ ಅನುಭವವನ್ನು ಅಳೆದು ತೂಗಿ, ಎಲ್ಲಿ ಸರಿ ಎಲ್ಲಿ ತಪ್ಪು ಅಂತ ಹೇಳುವ ಕೆಲಸ ಆಗಬೇಕಿತ್ತು. ನನಗೆ ಕಾಣುವಂತೆ, ಅದಕ್ಕೆ ಬೇಕಾದ ತಾಳ್ಮೆ ನಮ್ಮಲ್ಲಿಲ್ಲ. ಮೂರು ವರ್ಷದ ಯೋಜನೆ, ಒಂದು ಹೊಸ ತಳಿ, ಒಂದು ಕ್ಷೇತ್ರೋತ್ಸವ, ಹಾರ ತುರಾಯಿ. ಕಾವಲಿನ ಹುಲ್ಲು ಮೂರು ವರ್ಷಕ್ಕೆ ಏನೂ ಹೇಳುವುದಿಲ್ಲ. ಎರಡು ಬರ, ಒಂದು ಒಳ್ಳೆ ಮಳೆಯಲ್ಲೇ ಆ ಮೂರು ವರ್ಷ ಮುಗಿದಿರುತ್ತದೆ.

ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಒಂದು ಹುಲ್ಲಿನ ಹೊಲವಿದೆ. 1856ರಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಅನ್ನುವ ಇಬ್ಬರು ಅದನ್ನು ತುಂಡು ತುಂಡು ಮಾಡಿ, ಒಂದೊಂದಕ್ಕೆ ಒಂದೊಂದು ಗೊಬ್ಬರ ಹಾಕಿದರು. ಅವರಿಗೆ ಬೇಕಿದ್ದದ್ದು ಒಣಹುಲ್ಲಿನ ಇಳುವರಿಯ ಲೆಕ್ಕ ಅಷ್ಟೇ. ಆ ಪ್ರಯೋಗ ಇವತ್ತಿಗೂ ನಡೆಯುತ್ತಿದೆ. ಏನೂ ಹಾಕದ ತುಂಡಿನಲ್ಲಿ ಹತ್ತಿರ ಹತ್ತಿರ 40 ಜಾತಿಯ ಗಿಡಹುಲ್ಲು. ಸುಣ್ಣ ಕೊಡದೆ ಅಮೋನಿಯಂ ಸಲ್ಫೇಟ್ ಸುರಿದ ಕಡೆ ಬೆರಳೆಣಿಕೆಯಷ್ಟೂ ಇಲ್ಲ. ನಮ್ಮ ಕಾವಲಿನಲ್ಲಿ ಅಂಥದೊಂದು ಎಕರೆಯನ್ನು ಐವತ್ತು ವರ್ಷ ಮುಟ್ಟದೆ ಇಡಲು ಯಾರು ಬಿಡುತ್ತಾರೆ? ಐದನೇ ವರ್ಷಕ್ಕೆ ಲೇಔಟ್ ಕಲ್ಲು ಬಿದ್ದಿರುತ್ತದೆ.

ಹಾಗಂತ ನಮಗೆ ಇದು ಹೊಸದಲ್ಲ. ಮೈಸೂರು ಅರಸರು ಸಾಕಿಸುತ್ತಿದ್ದ ಅಮೃತಮಹಲ್ ದನಗಳ ಕಾವಲುಗಳಲ್ಲಿ ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಬೇರೆ ಬೇರೆ ಇದ್ದವು. ದನ ತಿರುಗುತ್ತಿತ್ತು, ಹುಲ್ಲು ಸುಧಾರಿಸಿಕೊಳ್ಳುತ್ತಿತ್ತು. ಈಗ ಹೊರದೇಶದವರು ‘ಸರದಿ ಮೇಯಿಸುವಿಕೆ’ ಅಂತ ತರಬೇತಿ ಕೊಟ್ಟು ದುಡ್ಡು ಎಣಿಸುತ್ತಾರೆ. ಬ್ರಿಟಿಷರು 1860ರಲ್ಲಿ ಖರ್ಚು ಜಾಸ್ತಿ ಅಂತ ಆ ಮಂದೆಯನ್ನೇ ಮಾರಿ, ಆರು ವರ್ಷಕ್ಕೆ ಕೈ ಕೈ ಹಿಸುಕಿಕೊಂಡು ಮತ್ತೆ ಕಟ್ಟಬೇಕಾಯಿತು. ನಾವು ಅಷ್ಟೂ ಮಾಡುವುದಿಲ್ಲ. 2008ರಿಂದ ಎರಡು ಮೂರು ವರ್ಷಗಳಲ್ಲಿ ಚಳ್ಳಕೆರೆ ತಾಲೂಕಿನ ಸುಮಾರು 10 ಸಾವಿರ ಎಕರೆ ಕಾವಲು ವಿಜ್ಞಾನ, ರಕ್ಷಣೆ, ಅಣುಶಕ್ತಿ ಸಂಸ್ಥೆಗಳಿಗೆ ಅಂತ ಹಂಚಿಹೋಯಿತು. ವಿಜ್ಞಾನ ಬೆಳೆಸೋಕೆ ಹುಲ್ಲುಗಾವಲೇ ಬೇಕಾಯ್ತು ನೋಡಿ!

ಕಂದಾಯದ ಕಡತದಲ್ಲಿ ಇಂಥ ನೆಲ ‘ಹುಲ್ಲುಬನ್ನಿ ಖರಾಬು’ (ಸಾಗುವಳಿಗೆ ಬಾರದ ಹುಲ್ಲಿನ ನೆಲ), ದೇಶದ ನಕ್ಷೆಯಲ್ಲಿ ಪಾಳುಭೂಮಿ. ಪಾಳು ಅಂದ ಮೇಲೆ ಉದ್ಧಾರ ಮಾಡಬೇಕಲ್ಲ, ನೀಲಗಿರಿ ನೆಟ್ಟರು. ಈಗ ಸೋಲಾರ್ ಹಲಗೆ ಬರುತ್ತಿವೆ. ವನಮಹೋತ್ಸವ ಗೊತ್ತು, ಹುಲ್ಲಿನ ಉತ್ಸವ ಯಾರಾದರೂ ಕೇಳಿದ್ದೀರಾ?

ಮುಂದೇನು ಅಂತ ಕೇಳುತ್ತೀರಿ. ಆಸೆ ಬಿಡುವ ಹಾಗೇನಿಲ್ಲ. 2022ರಲ್ಲಿ ಪರಿಸರ ವಿಜ್ಞಾನಿಗಳಾದ ಎಂ.ಡಿ. ಮಧುಸೂದನ್ ಮತ್ತು ಅಬಿ ವನಕ್ ಉಪಗ್ರಹ ಚಿತ್ರಗಳಿಂದ ದೇಶದ ಒಣಪ್ರದೇಶದ ಬಯಲುಗಳ ನಕ್ಷೆ ಮಾಡಿದರು. ದೇಶದ ನೆಲದಲ್ಲಿ ಶೇ 10ರಷ್ಟು ಇಂಥ ಬಯಲೇ. 2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷ ಎಂದು ಸಾರಿದೆ. ನಾರ್ವೆಯಲ್ಲಿ ಮೇಕೆಯ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ, ಬೇಲಿಯಿಲ್ಲದೆ ಮೊದಲು ಸದ್ದಿನಿಂದ, ಅದಕ್ಕೂ ನಿಲ್ಲದಿದ್ದರೆ ಸಣ್ಣ ಶಾಕ್‌ನಿಂದ ತಡೆಯುತ್ತಾರೆ. ಬರಲಿ, ಬೇಡ ಅನ್ನೋಲ್ಲ. ನಮ್ಮ ಕುರಿಗಾಹಿಯ ಸಿಳ್ಳೆಗೆ ಚಾರ್ಜು ಬೇಕಿಲ್ಲ ಅನ್ನೋದನ್ನೂ ಜೊತೆಗೆ ಬರೆದುಕೊಳ್ಳಲಿ.

ನಿಮಗೊಂದು ಕೆಲಸ ಕೊಡುತ್ತೇನೆ. ನೂರು ದನಕ್ಕೆ 30 ಎಕರೆ ಗೋಮಾಳ ಇರಬೇಕು ಅನ್ನುವುದು ನಮ್ಮ ಭೂಕಂದಾಯ ನಿಯಮ. ನಿಮ್ಮೂರಿನ ಗೋಮಾಳದ ಪಹಣಿ ತೆಗೆಸಿ, ಊರಿನ ದನ ಎಣಿಸಿ ತಾಳೆ ನೋಡಿ. ಉಳಿದಿರುವ ಜಾಗದ ಒಂದು ಮೂಲೆಗೆ ಊರವರನ್ನು ಕೇಳಿ ಮುಳ್ಳು ಹಾಕಿಸಿ, ಒಂದು ಮಳೆಗಾಲ ದನ ಬಿಡಬೇಡಿ. ದೀಪಾವಳಿ ಹೊತ್ತಿಗೆ ಒಳಗೇನು ಬಂತು, ಹೊರಗೇನು ಉಳಿಯಿತು ಅಂತ ಬರೆದು ಕಳಿಸಿ. ನಾನು ಹೇಳಿದ್ದಕ್ಕೆ ವಿರುದ್ಧವಾಗಿದ್ದರೂ ಪರವಾಗಿಲ್ಲ, ಪೂರ್ತಿ ಅಚ್ಚು ಹಾಕುತ್ತೇನೆ. ಫೋಟೊ ಸ್ವಲ್ಪ ಹತ್ತಿರದಿಂದ ತೆಗೆಯಿರಿ, ಬುಡ ಕಾಣಬೇಕು.

– ಸಂಪಾದಕ