ಇಳಿತ ನೋಡಿ ಹೊರಡಿ

ಪ್ರಶ್ನೆ: ಅಂಡಮಾನ್‌ನ ಶಹೀದ್ ದ್ವೀಪದಲ್ಲಿ ಎರಡು ದಿನ ಇರುತ್ತೇವೆ. ಏನು ನೋಡಬಹುದು? ಮಕ್ಕಳು ಚಿಪ್ಪು ಆಯ್ದು ತರಬಹುದೇ?
– ಓದುಗರು, ಚಿಂತಾಮಣಿ

ಉತ್ತರ: ಲಕ್ಷ್ಮಣಪುರದ ಸಹಜ ಕಲ್ಲುಸೇತುವೆಗೆ ಸಮುದ್ರ ಇಳಿದಾಗಲೇ ಹೋಗಿ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ನಿನ್ನೆಯ ಸಮಯ ನಂಬಿದರೆ ಕೆಟ್ಟಿರಿ. ಕಲ್ಲುಗುಳಿಗಳಲ್ಲಿ ಉಳಿದ ನೀರಿಗೆ ಬಗ್ಗಿ ನೋಡಿ: ಏಡಿ, ಪುಟ್ಟ ಮೀನು, ಬದನೆಕಾಯಿಯಂತೆ ಕಪ್ಪಗೆ ಬಿದ್ದಿರುವ ಸಮುದ್ರಸೌತೆ ಎಂಬ ಪ್ರಾಣಿ. ಹವಾಯಿ ಚಪ್ಪಲಿ ಪಾಚಿಯ ಮೇಲೆ ಜಾರುತ್ತದೆ, ಹಿಮ್ಮಡಿಗೆ ಪಟ್ಟಿಯಿರುವುದೇ ಬೇಕು.

ಚಿಪ್ಪು ನೋಡಿ, ಅಲ್ಲೇ ಬಿಡಿ. ಖಾಲಿ ಚಿಪ್ಪೇ ಸನ್ಯಾಸಿ ಏಡಿಯ ಮನೆ. ಹವಳವಂತೂ 1972ರ ವನ್ಯಜೀವಿ ಕಾಯ್ದೆಯಡಿ ಸಂರಕ್ಷಿತ. ಸತ್ತ ತುಂಡು ತಂದರೂ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತೀರಿ.

ಊಟಕ್ಕೆ ಬಂಗಾಳಿ ಮನೆಯಡುಗೆಯ ಮೀನುಸಾರು, ಅನ್ನ ಚೆನ್ನ. ಮುದ್ದೆ ಮಾತ್ರ ಕೇಳಬೇಡಿ!